ನಮ್ಮ ಜಿಪ್ಸಿಗೆ ಹಾಕಿದ ಥರ್ಮೋಸ್ಟ್ಯಾಟ್, ಕೂಲಂಟ್, ಮತ್ತೆ ಆ ಚೆಲ್ಲದ ಫನಲ್

ಮೊದಲೇ ಹೇಳಿಬಿಡುತ್ತೇನೆ. ಥರ್ಮೋಸ್ಟ್ಯಾಟ್ ಅಂದರೆ ಎಂಜಿನ್ ಬಿಸಿ ಆಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಒಂದು ಸಣ್ಣ ವಾಲ್ವ್. ಮಾರುತಿ ಜೆನ್ಯೂನ್ ಥರ್ಮೋಸ್ಟ್ಯಾಟ್ ಕಣ್ಣು ಮುಚ್ಚಿಕೊಂಡು ತಗೊಳ್ಳಬಹುದು. ಕೂಲಂಟ್ (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ತಗೊಳ್ಳುವಾಗ ಮೊದಲೇ ನೀರು ಬೆರೆಸಿದ ರೆಡಿಮಿಕ್ಸ್ ಬೇಕೋ, ನಾವೇ ನೀರು ಬೆರೆಸುವ ಕಾನ್ಸಂಟ್ರೇಟ್ ಬೇಕೋ ಅಂತ ಸ್ವಲ್ಪ ಯೋಚನೆ ಮಾಡಬೇಕು. ಕೂಲಂಟ್ ಚೆಲ್ಲದ ಹಾಗೆ ತುಂಬುವ ಫನಲ್ (ಆಲಿಕೆ) ಕಿಟ್ ಒಳ್ಳೆಯದೇ, ಆದರೆ ಎಲ್ಲರಿಗೂ ಬೇಕಾಗಿಲ್ಲ. ಸಾಮಾನಿನ ಮಟ್ಟಿಗೆ ವಿಮರ್ಶೆ ಇಷ್ಟೇ. ನಾನು ಇಷ್ಟುದ್ದ ಬರೆಯಲು ಕೂತಿದ್ದು ಬೇರೆ ಕಾರಣಕ್ಕೆ. ನಮ್ಮ ಕಡೆ ಎಷ್ಟೋ ಹಳೇ ಗಾಡಿಗಳಲ್ಲಿ ಥರ್ಮೋಸ್ಟ್ಯಾಟೇ ಇಲ್ಲ. ಯಾರೋ ಯಾವಾಗಲೋ ಬಿಚ್ಚಿ ಎಸೆದಿರುತ್ತಾರೆ, ಗಾಡಿಯವರಿಗೆ ಗೊತ್ತೇ ಇರುವುದಿಲ್ಲ. ನಮ್ಮ ಜಿಪ್ಸಿಯಲ್ಲೂ ಹಾಗೇ ಆಗಿತ್ತು.

ನಮ್ಮದು ಹೊಸನಗರ ತಾಲೂಕು, ನಗರ ಅನ್ನುವ ಊರಿನ ಹತ್ತಿರದ ಹಳ್ಳಿ. ಸ್ವಲ್ಪ ಅಡಕೆ ತೋಟ, ಒಂದಿಷ್ಟು ಕಾಳುಮೆಣಸು. ಗಾಡಿ ಮಾರುತಿ ಜಿಪ್ಸಿ, ಪೆಟ್ರೋಲ್ ಎಂಪಿಎಫ್‌ಐ, ಅಂದರೆ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಕಂಪ್ಯೂಟರ್ ನೋಡಿಕೊಳ್ಳುವ ಎಂಜಿನ್. ಮನೆಯವರು ತೋಟ ನೋಡಿಕೊಳ್ಳುತ್ತಾರೆ, ಗಾಡಿ ಓಡಿಸುವುದು, ಅದರ ಯೋಗಕ್ಷೇಮ ಎಲ್ಲ ನನ್ನದು. ನಮ್ಮ ಓಡಾಟ ಎರಡು ಥರ. ಒಂದು, ಮನೆಯಿಂದ ಪೇಟೆಗೆ, ಸೊಸೈಟಿಗೆ, ಡೇರಿಗೆ: ಎಂಜಿನ್ ಬಿಸಿ ಆಗುವಷ್ಟರಲ್ಲಿ ಊರು ಬಂದಿರುತ್ತೆ. ಇನ್ನೊಂದು, ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೋ ಮಣಿಪಾಲದ ಆಸ್ಪತ್ರೆಗೋ ಹೋಗಿ, ಅದೇ ಘಾಟಿ ಹತ್ತಿ ವಾಪಸ್ ಬರುವುದು. ಎಂಜಿನ್‌ಗೆ ಬೆಚ್ಚಗಾಗಲು ಬಿಡದ ಓಡಾಟ ಒಂದು, ಪೂರ್ತಿ ಕಾಯಿಸುವ ಓಡಾಟ ಒಂದು. ಅದರ ಮೇಲೆ ಮಳೆಗಾಲ. ಹುಲಿಕಲ್ ಕಡೆಯ ಮಳೆ ಹೇಗಿರುತ್ತೆ ಅಂತ ಶಿವಮೊಗ್ಗ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ತೊಂದರೆ ಕಾಣಿಸಿಕೊಂಡಿದ್ದು ಮಳೆಗಾಲದಲ್ಲೇ. ಟೆಂಪರೇಚರ್ ಮುಳ್ಳು ಕೆಳಗೇ ಮಲಗಿರುತ್ತಿತ್ತು. ಹುಲಿಕಲ್ ಘಾಟಿಯಲ್ಲಿ ಮಾಸ್ತಿಕಟ್ಟೆಯಿಂದ ಹೊಸಂಗಡಿ ಕಡೆ ಇಳಿಯುವಾಗಂತೂ ಏರಿದ್ದ ಅಷ್ಟಿಷ್ಟೂ ಇಳಿದು ತಳ ಮುಟ್ಟುತ್ತಿತ್ತು. ಗಾಡಿ ತಣ್ಣಗಿದೆಯಲ್ಲ, ಒಳ್ಳೆಯದೇ ಅಲ್ವಾ ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ಪ್ಲಗ್ ಬಿಚ್ಚಿದರೆ ಕಪ್ಪು ಮಸಿ. ಎಂಜಿನ್ ಆಯಿಲ್ ಮುಚ್ಚಳ ತೆಗೆದು ನೋಡಿದರೆ ಒಳಮೈಗೆಲ್ಲ ಬೆಳ್ಳಗೆ, ಕಡೆದ ಮಜ್ಜಿಗೆಯ ನೊರೆಯ ಹಾಗೆ ಏನೋ ಅಂಟಿಕೊಂಡಿತ್ತು.

ಈ ನೊರೆ ನೋಡಿದ ತಕ್ಷಣ ಎಲ್ಲರೂ ಹೇಳುವುದು ಒಂದೇ: ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡು ಬ್ಲಾಕಿನ ನಡುವೆ ಸೋರದ ಹಾಗೆ ಕೂರುವ ತೆಳು ಹಾಳೆ) ಹೋಗಿದೆ, ಎಂಜಿನ್ ಇಳಿಸಬೇಕು. ಹೆದರಿ ದುಡ್ಡು ಸುರಿಯುವ ಮೊದಲು ಎರಡು ವಿಷಯ ನೋಡಿ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಬಣ್ಣ ಸರಿಯಾಗಿದೆಯಾ? ರೇಡಿಯೇಟರ್ ನೀರು ಕಡಿಮೆ ಆಗುತ್ತಿದೆಯಾ? ಆಯಿಲ್ ಚೆನ್ನಾಗಿದ್ದು, ನೀರೂ ಹಾಗೇ ಇದ್ದು, ನೊರೆ ಮುಚ್ಚಳದಲ್ಲಿ ಮಾತ್ರ ಇದ್ದರೆ ಅದು ಹೆಚ್ಚಾಗಿ ಒಳಗೆ ಕೂತ ತೇವ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತೆ. ಅದರಲ್ಲಿ ಸ್ವಲ್ಪ ಪಿಸ್ಟನ್ ಸಂದಿಯಿಂದ ಕೆಳಗೆ ಇಳಿಯುತ್ತೆ. ಎಂಜಿನ್ ಸರಿಯಾಗಿ ಬಿಸಿ ಇದ್ದರೆ ಅದು ಆವಿಯಾಗಿಯೇ ಹೊರಗೆ ಹೋಗುತ್ತೆ. ಬಿಸಿ ಇಲ್ಲದಿದ್ದರೆ ಮುಚ್ಚಳದ ತಣ್ಣನೆ ಲೋಹಕ್ಕೆ ತಾಗಿ, ಆಯಿಲ್ ಜೊತೆ ಕಲೆಸಿ ನೊರೆ ಆಗುತ್ತೆ. ಆಷಾಢದ ಜಡಿಮಳೆಯಲ್ಲಿ ಎರಡು ಮೈಲಿ ಓಡಿಸಿ ನಿಲ್ಲಿಸುವ ಗಾಡಿಗೆ ಇದು ಬೇಗ ಬರುತ್ತೆ. ನಮ್ಮದರಲ್ಲಿ ಆಯಿಲ್ ಸರಿ ಇತ್ತು, ನೀರೂ ಸರಿ ಇತ್ತು. ಪೆಟ್ರೋಲ್ ಜಾಸ್ತಿ ಆಗುವುದೂ ಇದರದ್ದೇ ಇನ್ನೊಂದು ಮುಖ. ಎಂಜಿನ್ ತಣ್ಣಗಿದೆ ಅಂತ ಸೆನ್ಸರ್ ಹೇಳುತ್ತೆ, ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುತ್ತೆ. ಹಳೇ ಗಾಡಿಯ ಚೋಕ್ ಎಳೆದುಕೊಂಡೇ ಊರೆಲ್ಲ ಓಡಿಸಿದರೆ ಆಗುವುದೂ ಇದೇ.

ಹಾಗಾಗಿ ಥರ್ಮೋಸ್ಟ್ಯಾಟ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ ಅಂತ ಲೆಕ್ಕ ಹಾಕಿ ಹೊಸದನ್ನು ತರಲು ಶಿವಮೊಗ್ಗಕ್ಕೆ ಹೋದೆ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ನನಗೆ ಗೊತ್ತಿರುವ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಅವರದ್ದೂ ವಿಮರ್ಶೆ ಮಾಡಲೇಬೇಕು, ಯಾಕಂದರೆ ಅವರು ಕೌಂಟರ್ ಮೇಲೆ ಎರಡು ಡಬ್ಬಿ ಇಟ್ಟು ಎರಡನ್ನೂ ಬಿಚ್ಚಿ ತೋರಿಸಿದರು. ಒಂದು ಕಂಪನಿಯದು, ಐನೂರರ ಆಸುಪಾಸು. ಇನ್ನೊಂದು ಲೋಕಲ್, ಅರ್ಧಕ್ಕಿಂತ ಕಡಿಮೆ. ಜಿಪ್ಸಿ ಸಾಮಾನ್ಯ ಜನಕ್ಕೆ ಮಾರುವುದು 2019ರ ಹೊತ್ತಿಗೇ ನಿಂತಿದೆ, ಪಾರ್ಟ್ ಸಿಗುತ್ತೋ ಇಲ್ಲವೋ ಅಂತ ನನಗೆ ಅನುಮಾನ ಇತ್ತು. ಎಂಜಿನ್ ಸಾಮಾನಿಗೆ ಇನ್ನೂ ತೊಂದರೆ ಇಲ್ಲ ಅಂದರು.

ಎರಡನ್ನೂ ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತೆ. ಕಂಪನಿಯದರಲ್ಲಿ ಮೇಲಿನ ತಟ್ಟೆಯ ಅಂಚಿನಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಅಲ್ಲಾಡುವ ಒಂದು ಪುಟ್ಟ ಪಿನ್ನು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಚಿಣಿಚಿಣಿ ಅನ್ನುತ್ತೆ. ಅದು ಗಾಳಿ ಹೋಗುವ ದಾರಿ. ಕೂಲಂಟ್ ತುಂಬುವಾಗ ಎಂಜಿನ್ ಒಳಗಿನ ಗಾಳಿ ಆ ತೂತಿನಿಂದ ಮೇಲೆ ಬರುತ್ತೆ. ಎಂಜಿನ್ ಓಡುವಾಗ ನೀರಿನ ಒತ್ತಡಕ್ಕೆ ಪಿನ್ ಕೂತುಕೊಂಡು ತೂತು ಮುಚ್ಚುತ್ತೆ. ಲೋಕಲ್‌ನಲ್ಲಿ ತೂತೂ ಇಲ್ಲ, ಪಿನ್ನೂ ಇಲ್ಲ. ಕಂಪನಿಯದರ ಮೇಲೆ 82 ಅಂತ ಒತ್ತಿದ್ದಾರೆ, ಅಂದರೆ 82 ಡಿಗ್ರಿ ಸೆಲ್ಸಿಯಸ್‌ಗೆ ಬಾಯಿ ತೆರೆಯಲು ಶುರು. ಲೋಕಲ್ ಮೇಲೆ ಏನೂ ಬರೆದಿಲ್ಲ. "ಅಕ್ಕ, ಇದನ್ನೂ ಮಾರ್ತೀನಿ, ಕೇಳಿದೋರಿಗೆ ಕೊಡ್ತೀನಿ. ನಿಮಗೆ ಮಾತ್ರ ಇದು ಬೇಡ, ಘಾಟಿ ಗಾಡಿ" ಅಂದರು ಅಂಗಡಿಯವರು. ಜೊತೆಗೆ ಗ್ಯಾಸ್ಕೆಟ್ ಎರಡು ಕೊಟ್ಟರು. ಒಂದು ಹರಿದರೆ ಇನ್ನೊಂದಕ್ಕೆ ಹೊಸನಗರದಿಂದ ಮತ್ತೆ ಬರುತ್ತೀರಾ ಅಂತ ಅವರೇ ಕೇಳಿದರು. ಇಂಥ ಅಂಗಡಿಯವರಿಗೆ ನಾನು ಎಷ್ಟು ಬೇಕಾದರೂ ಸ್ಟಾರ್ ಕೊಡುತ್ತೇನೆ.

ಇಷ್ಟು ಚಿಕ್ಕ ಸಾಮಾನು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾದರೆ ಅದರ ಮೇಲೆ ಗೌರವ ಬರುತ್ತೆ. ಒಳಗೆ ಕರೆಂಟ್ ಇಲ್ಲ, ವೈರ್ ಇಲ್ಲ. ನಡುವೆ ಒಂದು ಹಿತ್ತಾಳೆ ಕುಪ್ಪಿ, ಅದರ ತುಂಬ ಮೇಣ. ಮೇಣ ಬಿಸಿಗೆ ಕರಗಿ ಹಿಗ್ಗುತ್ತೆ, ಒಳಗಿನ ಕಡ್ಡಿಯನ್ನು ತಳ್ಳುತ್ತೆ, ಬಾಯಿ ತೆರೆಯುತ್ತೆ. ತಣ್ಣಗಾದರೆ ಮೇಣ ಕುಗ್ಗುತ್ತೆ, ಸ್ಪ್ರಿಂಗ್ ಬಾಯಿ ಮುಚ್ಚಿಸುತ್ತೆ. ಎಂಜಿನ್ ತಣ್ಣಗಿರುವಾಗ ಬಾಯಿ ಮುಚ್ಚಿರುತ್ತೆ, ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತೆ, ಬೇಗ ಬಿಸಿ ಆಗುತ್ತೆ. ಘಾಟಿ ಹತ್ತುವಾಗ ಪೂರ್ತಿ ತೆರೆಯುತ್ತೆ. ಇಳಿಯುವಾಗ ಎಂಜಿನ್ ದುಡಿಯುವುದಿಲ್ಲ, ಬಿಸಿ ಹುಟ್ಟುವುದಿಲ್ಲ, ಎದುರಿನಿಂದ ಮಳೆ ಗಾಳಿ ರೇಡಿಯೇಟರ್‌ಗೆ ಹೊಡೆಯುತ್ತಿರುತ್ತೆ. ಆಗ ಮತ್ತೆ ಮುಚ್ಚಿಕೊಂಡು ಇರುವ ಬಿಸಿಯನ್ನು ಕಾಪಾಡುತ್ತೆ. ಚಳಿ ದೇಶಕ್ಕೆ ಮಾತ್ರ ಬೇಕು ಅಂತ ಹೇಳುವವರು ಈ ಇಳಿಜಾರಿನ ಲೆಕ್ಕ ಹಾಕುವುದಿಲ್ಲ.

ಹಾಕುವ ಮೊದಲು ಪರೀಕ್ಷೆ ಮಾಡಿ. ಹೊಸದಾದರೂ ಮಾಡಿ. ನಾನು ಅಡಿಗೆಗೆ ಬಳಸದ ಒಂದು ಹಳೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ, ತಳಕ್ಕೆ ತಾಗದ ಹಾಗೆ ಇಳಿಬಿಟ್ಟೆ. ಪಕ್ಕದಲ್ಲಿ ಥರ್ಮಾಮೀಟರ್. ಎಂಬತ್ತು ದಾಟುವವರೆಗೆ ಅಲುಗಾಡಲಿಲ್ಲ. ಆಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಕಾಣಿಸಿತು. ನೋಡ್ತಾ ನೋಡ್ತಾ ತಟ್ಟೆ ಮೇಲೆದ್ದಿತು. ತೊಂಬತ್ತೈದರ ಹೊತ್ತಿಗೆ ಸುಮಾರು 8 ಮಿಲಿಮೀಟರ್ ತೆರೆದಿತ್ತು. ನಮ್ಮ ಘಟ್ಟದ ಮೇಲೆ ನೀರು ನೂರಕ್ಕಿಂತ ಒಂದೆರಡು ಡಿಗ್ರಿ ಮೊದಲೇ ಕುದಿಯುತ್ತೆ, ಹಾಗಾಗಿ ಥರ್ಮಾಮೀಟರ್ ನೂರು ತೋರಿಸಲಿಲ್ಲ ಅಂತ ಗಾಬರಿ ಬೇಡ. ಒಲೆಯಿಂದ ಇಳಿಸಿದ ಮೇಲೆ ಅದು ನಿಧಾನಕ್ಕೆ ಮುಚ್ಚಿಕೊಂಡು, ಕೊನೆಗೆ ಟಿಕ್ ಅಂತ ಕೂತಿತು. ಭಾವನ ಮಗ ಪಕ್ಕದಲ್ಲೇ ಇದ್ದ, ಮತ್ತೊಮ್ಮೆ ಕಾಯಿಸಿ ತೋರಿಸು ಚಿಕ್ಕಮ್ಮ ಅಂದ. ತೋರಿಸಿದೆ.

ಕೆಲಸ ಶುರು ಮಾಡಿದ್ದು ಬೆಳಿಗ್ಗೆ, ರಾತ್ರಿಯೆಲ್ಲ ನಿಂತ ಎಂಜಿನ್ ಮೇಲೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ: ಬಿಸಿ ಗಾಡಿಯ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ನಮ್ಮ ಮುಚ್ಚಳದ ಮೇಲೆ 0.9 ಅಂತ ಇದೆ, ಅಂದರೆ ಹೊರಗಿನದಕ್ಕಿಂತ ಸುಮಾರು 0.9 ಬಾರ್ ಹೆಚ್ಚು ಒತ್ತಡ ಹಿಡಿದಿಡುತ್ತೆ. ಅಷ್ಟು ಒತ್ತಡದಲ್ಲಿ ಬರೀ ನೀರಾದರೂ 118 ಡಿಗ್ರಿ ಹತ್ತಿರ ಹೋಗುವವರೆಗೆ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗುತ್ತೆ, ಒಳಗಿರುವುದೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತೆ. ಬಟ್ಟೆ ಹಿಡಿದು ತೆಗೆದರೂ ಅಷ್ಟೇ.

ರೇಡಿಯೇಟರ್ ಕೆಳಗಿನ ಡ್ರೈನ್ ಬಿಚ್ಚಿದಾಗ ಬಂದ ನೀರು ನೋಡಿ ನನಗೆ ಹೊಟ್ಟೆ ಉರಿಯಿತು. ಹಸಿರೂ ಅಲ್ಲ, ನೀಲಿಯೂ ಅಲ್ಲ, ಕೆಮ್ಮಣ್ಣು ಕದಡಿದ ಬಣ್ಣ. ಕೂಲಂಟ್‌ನ ಕುರುಹೇ ಇಲ್ಲ. ಆಮೇಲೆ ಮೇಲಿನ ಹೋಸ್ ಪೈಪ್ ಹಿಡಿದುಕೊಂಡು ಹೋಗಿ, ಅದು ಎಂಜಿನ್ ಸೇರುವ ಕಡೆಯ ಅಲ್ಯೂಮಿನಿಯಂ ಟೋಪಿಗೆ ಬಂದೆವು. ಎರಡೇ ಬೋಲ್ಟು. ತುಕ್ಕು ಹಿಡಿದಿದ್ದರಿಂದ ಹಿಂದಿನ ಸಂಜೆಯೇ ಡಬ್ಲ್ಯೂಡಿ-40 ಹೊಡೆದಿಟ್ಟಿದ್ದೆ. ರಿಂಗ್ ಪಾನಾ ಹಾಕಿ, ಒಂದೇ ಸಮ ಎಳೆಯದೆ, ಸ್ವಲ್ಪ ಬಿಗಿದು ಸ್ವಲ್ಪ ಸಡಿಲಿಸಿ ಬಿಚ್ಚಿದೆವು. ಟೋಪಿ ಎತ್ತಿದ ಹುಡುಗ ಒಳಗೆ ಟಾರ್ಚ್ ಬಿಟ್ಟು ಸುಮ್ನೆ ನೋಡುತ್ತಾ ನಿಂತ.

"ಚಿಕ್ಕಮ್ಮ, ಇದ್ರೊಳಗೆ ಏನೂ ಇಲ್ವಲ್ಲ!"

ನಿಜವಾಗಿ ಏನೂ ಇರಲಿಲ್ಲ. ಥರ್ಮೋಸ್ಟ್ಯಾಟ್ ಕೂರುವ ಮೆಟ್ಟಿಲು ಖಾಲಿ. ಗ್ಯಾಸ್ಕೆಟ್ ಬದಲು ಬರೀ ಸಿಲಿಕಾನ್ ಪೇಸ್ಟ್ ಮೆತ್ತಿದ್ದರು, ಅದೂ ಒಳಗೆ ಉಂಡೆ ಉಂಡೆಯಾಗಿ ನೇತಾಡುತ್ತಿತ್ತು. ಹಿಂದೊಮ್ಮೆ ಘಾಟಿ ಹತ್ತುವಾಗ ಗಾಡಿ ಹೀಟ್ ಆಗಿ ಒಂದು ಗ್ಯಾರೇಜಿಗೆ ಬಿಟ್ಟಿದ್ದೆವು. ಸಂಜೆಯೊಳಗೆ ಸರಿ ಮಾಡಿ ಕೊಟ್ಟಿದ್ದರು. ಏನು ಮಾಡಿದಿರಿ ಅಂದರೆ "ಕ್ಲೀನ್ ಮಾಡಿದೀವಿ" ಅಂದಿದ್ದರು. ಮಾಡಿದ್ದು ಇದು. ತೆಗೆದಿದ್ದನ್ನು ಹೇಳಲಿಲ್ಲ, ಹಳೇ ಪಾರ್ಟ್ ತೋರಿಸಲಿಲ್ಲ, ಕೂಲಂಟ್ ಚೆಲ್ಲಿ ಬೋರ್‌ವೆಲ್ ನೀರು ತುಂಬಿಸಿದರು.

ಇದು ನಮಗೊಬ್ಬರಿಗೇ ಆಗಿದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಾಡಿ ಹೀಟ್ ಆಗುವುದಕ್ಕೆ ಒಂದು ಕಾರಣ ಇರುತ್ತೆ. ಥರ್ಮೋಸ್ಟ್ಯಾಟ್ ತೆಗೆದರೆ ಆ ಕಾರಣ ಹೋಗುವುದಿಲ್ಲ, ಮುಳ್ಳು ಮಾತ್ರ ಇಳಿಯುತ್ತೆ. ಗಾಡಿಯವರು ಖುಷಿಯಾಗಿ ದುಡ್ಡು ಕೊಟ್ಟು ಹೋಗುತ್ತಾರೆ. ಆಮೇಲೆ ಬರುವ ಪೆಟ್ರೋಲ್ ಖರ್ಚು, ಆಯಿಲ್ ಹಾಳಾಗುವುದು, ಎಂಜಿನ್ ಸವೆಯುವುದು ಯಾವುದನ್ನೂ ಯಾರೂ ಆ ದಿನದ ರಿಪೇರಿ ಜೊತೆ ಜೋಡಿಸುವುದಿಲ್ಲ.

ನಮ್ಮದರ ಮೂಲ ಕಾರಣ ಹುಡುಕಿದೆವು, ಯಾಕಂದರೆ ಅದನ್ನು ಬಿಟ್ಟು ಥರ್ಮೋಸ್ಟ್ಯಾಟ್ ಮಾತ್ರ ಹಾಕಿದರೆ ಮತ್ತೆ ಹೀಟ್ ಆಗುವುದೇ. ಎರಡು ಸಿಕ್ಕಿದವು. ರೇಡಿಯೇಟರ್ ಮುಚ್ಚಳದ ರಬ್ಬರ್ ಒಡೆದಿತ್ತು, ಅಂದರೆ ಒತ್ತಡ ನಿಲ್ಲುತ್ತಿರಲಿಲ್ಲ, ಬೇಗ ಕುದಿಯುತ್ತಿತ್ತು. ಇನ್ನೊಂದು, ರೇಡಿಯೇಟರ್ ರೆಕ್ಕೆಗಳ ಸಂದಿಯಲ್ಲಿ ಕೆಸರು, ಹುಳ, ಹುಲ್ಲಿನ ಎಸಳು ಎಲ್ಲ ಸೇರಿ ಗೋಡೆ ಕಟ್ಟಿತ್ತು. ಎಂಜಿನ್ ಕಡೆಯಿಂದ ಮುಂದಕ್ಕೆ, ಸಾಧಾರಣ ಪೈಪಿನ ನೀರು ಬಿಟ್ಟು ತೊಳೆದೆವು. ವಾಟರ್ ಸರ್ವಿಸ್‌ನ ಜೋರು ನೀರು ಹತ್ತಿರದಿಂದ ಬಿಟ್ಟರೆ ಆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಇಳಿದ ಕೆಸರು ನೋಡಿದರೆ ಗಾಳಿ ಅದರೊಳಗೆ ಹೇಗೆ ಹೋಗುತ್ತಿತ್ತೋ ಗೊತ್ತಿಲ್ಲ. ಹೊಸ ಮುಚ್ಚಳ, ಅದೇ 0.9 ಇರುವುದು, ಹಾಕಿದೆ.

ಒಳಗೂ ಫ್ಲಶ್ ಮಾಡಿದೆವು. ತಿಳಿ ನೀರು ಬರುವವರೆಗೆ ಮನೆಯ ಅಬ್ಬಿ ನೀರು (ಗುಡ್ಡದಿಂದ ಹರಿದು ಬರುವುದು), ಕೊನೆಗೆ ಡಿಸ್ಟಿಲ್ಡ್ ವಾಟರ್. ಇಲ್ಲಿಗೆ ಕೂಲಂಟ್ ವಿಷಯ ಬರುತ್ತೆ.

ನಮ್ಮ ಕಡೆ ಒಂದು ಮಾತಿದೆ: ಇಲ್ಲೇನು ಹಿಮ ಬೀಳುತ್ತಾ, ಕೂಲಂಟ್ ಯಾಕೆ, ನೀರು ಸಾಕು. ಹೆಪ್ಪುಗಟ್ಟದ ಹಾಗೆ ತಡೆಯುವುದು ಕೂಲಂಟ್‌ನ ಒಂದು ಕೆಲಸ ಮಾತ್ರ. ಅರ್ಧಕ್ಕರ್ಧ ಕಲೆಸಿದರೆ ಅದು ಸೊನ್ನೆಗಿಂತ 37 ಡಿಗ್ರಿ ಕೆಳಗೆ ಹೋದರೂ ಗಟ್ಟಿಯಾಗುವುದಿಲ್ಲ, ಅದು ನಮಗೆ ಬೇಡ. ನಮಗೆ ಬೇಕಿರುವುದು ಉಳಿದ ಎರಡು. ಬರೀ ನೀರಿಗಿಂತ ಹೆಚ್ಚು ಬಿಸಿಯಲ್ಲಿ ಕುದಿಯುತ್ತೆ. ಮತ್ತೆ, ಅದರಲ್ಲಿ ತುಕ್ಕು ತಡೆಯುವ ಔಷಧ ಇರುತ್ತೆ. ಎಂಜಿನ್ ಒಳಗೆ ಅಲ್ಯೂಮಿನಿಯಂ, ಕಬ್ಬಿಣ, ಹಿತ್ತಾಳೆ ಎಲ್ಲ ಒಂದೇ ನೀರಲ್ಲಿ ಮುಳುಗಿರುತ್ತವೆ. ಬರೀ ನೀರಾದರೆ ಒಂದು ಇನ್ನೊಂದನ್ನು ತಿನ್ನುತ್ತೆ. ಕೆಂಪಗೆ ಬರುವ ಬೋರ್ ನೀರಾದರೆ ಅದರ ಕಬ್ಬಿಣ, ಸುಣ್ಣ ಎಲ್ಲ ರೇಡಿಯೇಟರ್ ಕೊಳವೆಗಳಲ್ಲಿ ಕೂರುತ್ತೆ. ನಮ್ಮ ರೇಡಿಯೇಟರ್‌ನಿಂದ ಬಂದ ಕೆಂಪು ಅದೇ.

ನಾನು ತಗೊಂಡಿದ್ದು ಎಥಿಲೀನ್ ಗ್ಲೈಕಾಲ್ ಕಾನ್ಸಂಟ್ರೇಟ್, ಹಸಿರು ಬಣ್ಣದ್ದು. ಡಬ್ಬಿ ಮೇಲೆ ಐಎಸ್ 5759 ಮತ್ತೆ ಜೆಐಎಸ್ ಕೆ 2234 ಎರಡೂ ಇದ್ದವು. ಮೊದಲನೆಯದು ನಮ್ಮ ದೇಶದ ಗುಣಮಟ್ಟ, ಎರಡನೆಯದು ಜಪಾನಿನದು. ಬಣ್ಣ ನೋಡಿ ಕೂಲಂಟ್ ಆರಿಸಬೇಡಿ. ಬಣ್ಣ ಅಂದರೆ ಬರೀ ಬಣ್ಣ, ಒಂದೊಂದು ಕಂಪನಿ ಒಂದೊಂದು ಹಾಕುತ್ತೆ. ಡಬ್ಬಿ ಮೇಲಿನ ಅಕ್ಷರ ನೋಡಿ, ಗಾಡಿಯ ಪುಸ್ತಕದಲ್ಲಿ ಏನು ಹೇಳಿದೆ ನೋಡಿ. ಬೇರೆ ಬೇರೆ ಜಾತಿಯದನ್ನು ಬೆರೆಸಲೂ ಬೇಡಿ. ತುಕ್ಕು ತಡೆಯುವ ಗುಣ ಬೇಗ ಹೋಗುತ್ತೆ, ಕೆಲವು ಸಲ ಒಳಗೆ ಗಸಿ ಕಟ್ಟುತ್ತೆ.

ರೆಡಿಮಿಕ್ಸ್ ಯಾಕೆ ತಗೊಳ್ಳಲಿಲ್ಲ ಅಂದರೆ, ಫ್ಲಶ್ ಮಾಡಿದ ಗಾಡಿಗೆ ಅದು ಲೆಕ್ಕ ತಪ್ಪಿಸುತ್ತೆ. ಐದು ಲೀಟರ್ ಹಿಡಿಯುವ ಗಾಡಿ ಅಂದುಕೊಳ್ಳಿ. ಡ್ರೈನ್ ಬಿಚ್ಚಿದರೆ ಹೊರಗೆ ಬರುವುದು ಮೂರೂವರೆ ಇರಬಹುದು. ಉಳಿದ ಒಂದೂವರೆ ಲೀಟರ್ ನೀರು ಎಂಜಿನ್ ಬ್ಲಾಕ್ ಒಳಗೇ ಕೂತಿರುತ್ತೆ. ಅದರ ಮೇಲೆ ಮೂರೂವರೆ ರೆಡಿಮಿಕ್ಸ್ ಹುಯ್ದರೆ, ಅದರಲ್ಲಿ ಅರ್ಧ ಮೊದಲೇ ನೀರು, ಒಟ್ಟಿನಲ್ಲಿ ಕೂಲಂಟ್ ನೂರಕ್ಕೆ 35 ಭಾಗಕ್ಕೆ ಇಳಿಯುತ್ತೆ. ಕಾನ್ಸಂಟ್ರೇಟ್ ಆದರೆ ಹಾಗಲ್ಲ. ಗಾಡಿ ಒಟ್ಟು ಎಷ್ಟು ಹಿಡಿಯುತ್ತೆ ಅಂತ ಪುಸ್ತಕದಲ್ಲಿ ನೋಡಿ, ಅದರ ಅರ್ಧದಷ್ಟು ಕಾನ್ಸಂಟ್ರೇಟ್ ಮೊದಲು ಹುಯ್ದು, ಉಳಿದದ್ದಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿಸಿ. ಒಳಗೆ ಎಷ್ಟು ನೀರು ಉಳಿದಿದ್ದರೂ ಸರಿಯಾಗಿ ಅರ್ಧಕ್ಕರ್ಧ ಆಗುತ್ತೆ. ಫ್ಲಶ್ ಮಾಡದೆ ಬರೀ ಬದಲಾಯಿಸುವವರಿಗೆ, ಆಮೇಲೆ ಸ್ವಲ್ಪ ಸ್ವಲ್ಪ ಹಾಕಿಕೊಳ್ಳುವವರಿಗೆ ರೆಡಿಮಿಕ್ಸ್ ಸುಲಭ. ಆದರೆ ಅದಕ್ಕೆ ನೀರು ಬೆರೆಸಬೇಡಿ, ಈಗಾಗಲೇ ಬೆರೆಸಿದ್ದಾರೆ.

ಥರ್ಮೋಸ್ಟ್ಯಾಟ್ ಕೂರಿಸುವಾಗ ಎರಡು ನಿಗಾ. ಮೇಣದ ಕುಪ್ಪಿ ಎಂಜಿನ್ ಕಡೆಗೆ ಇರಬೇಕು, ಬಿಸಿ ನೀರು ತಾಗಬೇಕಾದದ್ದು ಅದಕ್ಕೆ. ಮತ್ತೆ ಆ ಪಿನ್ ಇರುವ ತೂತು ಮೇಲ್ಗಡೆಗೆ ಬರಬೇಕು, ಗಾಳಿ ಹೋಗುವುದು ಮೇಲಿನಿಂದ. ಹಳೇ ಸಿಲಿಕಾನ್ ಕೆರೆಯಲು ಭಾವನ ಮಗ ಕತ್ತಿ ತಂದಿದ್ದ. ಬೇಡ ಅಂದೆ. ಅಲ್ಯೂಮಿನಿಯಂ ಮೆದು, ಗೀರು ಬಿದ್ದರೆ ಅಲ್ಲೇ ಜಿನುಗುತ್ತೆ. ಹಳೇ ಪ್ಲಾಸ್ಟಿಕ್ ಕಾರ್ಡ್ ಅಂಚಿನಿಂದ, ಸ್ವಲ್ಪ ಪೆಟ್ರೋಲ್ ಒದ್ದೆ ಬಟ್ಟೆಯಿಂದ ತಾಳ್ಮೆಯಾಗಿ ತೆಗೆದೆವು. ಈ ಕೆಲಸಕ್ಕೇ ಜಾಸ್ತಿ ಹೊತ್ತು ಹಿಡಿದಿದ್ದು. ಹೊಸ ಗ್ಯಾಸ್ಕೆಟ್ ಇಟ್ಟು, ಎರಡು ಬೋಲ್ಟನ್ನೂ ಒಂದಿಷ್ಟು ಇದನ್ನು ಒಂದಿಷ್ಟು ಅದನ್ನು ಅಂತ ಸಮಸಮ ಬಿಗಿದೆವು. ಉದ್ದ ಹಿಡಿಯ ಪಾನಾ ಹಾಕಿ ಜೋರು ಮಾಡಿದರೆ ಬೋಲ್ಟು ಕೂರುವ ಮರೆ (ಥ್ರೆಡ್) ಕಿತ್ತು ಹೋಗುತ್ತೆ.

ಇನ್ನು ಫನಲ್. ಆನ್‌ಲೈನ್‌ನಲ್ಲಿ ಸಾವಿರದ ಒಳಗೆ ಸಿಕ್ಕಿತು. ದೊಡ್ಡ ಆಲಿಕೆ, ಬೇರೆ ಬೇರೆ ಅಳತೆಯ ಮುಚ್ಚಳಗಳು, ಒಂದು ಬಿರಡೆ ಕಡ್ಡಿ. ರೇಡಿಯೇಟರ್ ಬಾಯಿಗೆ ಸರಿ ಹೊಂದುವ ಮುಚ್ಚಳ ತಿರುಗಿಸಿ ಅದರ ಮೇಲೆ ಆಲಿಕೆ ನಿಲ್ಲಿಸುವುದು. ಅದರಲ್ಲಿ ಕೂಲಂಟ್ ನಿಂತಿರುತ್ತೆ, ಗಾಡಿಯ ಅತ್ಯಂತ ಎತ್ತರದ ಜಾಗ ಅದೇ ಆಗುತ್ತೆ. ಒಳಗಿನ ಗಾಳಿ ಗುಳ್ಳೆಯಾಗಿ ಅಲ್ಲಿಗೇ ಬರುತ್ತೆ, ಅದರ ಜಾಗಕ್ಕೆ ಕೂಲಂಟ್ ತಾನೇ ಇಳಿಯುತ್ತೆ. ಪದೇ ಪದೇ ಹುಯ್ಯುವುದು, ಉಕ್ಕಿಸುವುದು ಇಲ್ಲ.

ನಮ್ಮ ಅಂಗಳಕ್ಕೆ ಬರುವ ದಾರಿ ಏರು. ಜಿಪ್ಸಿಯ ಮೂತಿ ಮೇಲೆ ಬರುವ ಹಾಗೆ ಅಲ್ಲೇ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಸ್ಟಾರ್ಟ್ ಮಾಡಿದೆ. ಮೊದಲು ಸಣ್ಣ ಗುಳ್ಳೆಗಳು. ಮೇಲಿನ ಹೋಸ್ ತಣ್ಣಗೇ ಇತ್ತು. ಹುಡುಗನ ಕೈಯಲ್ಲಿ ಬಿಸಿ ಅಳೆಯುವ ಗನ್ ಇತ್ತು. ಅದನ್ನು ಹೋಸಿನ ರಬ್ಬರ್ ಮೇಲೆ ಹಿಡಿಯಬೇಕು, ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಕಡಿಮೆ ತೋರಿಸುತ್ತೆ. ಡ್ಯಾಶ್‌ಬೋರ್ಡ್ ಮುಳ್ಳು ನಿಧಾನಕ್ಕೆ ಏಳುತ್ತಾ ಬಂತು, ಹೋಸ್ ಮಾತ್ರ ಮೂವತ್ತು ಚಿಲ್ಲರೆಯಲ್ಲೇ. ಅಷ್ಟರಲ್ಲಿ ಫನಲ್ ಒಳಗಿನ ಹಸಿರು ನೀರು ಒಮ್ಮೆ ನಡುಗಿ ಗುಳುಂ ಅಂತ ಒಂದು ಹಿಡಿ ಕೆಳಗೆ ಹೋಯಿತು. ಹಿಂದೆಯೇ ದೊಡ್ಡ ಗುಳ್ಳೆ ಒಂದು ಎದ್ದು ಒಡೆಯಿತು. "ತೆರೀತು, ತೆರೀತು!" ಅಂತ ಅವನು ಕೂಗಿದ. ಗನ್ ನಂಬರ್ ನೋಡ್ತಾ ಇದ್ದ ಹಾಗೇ ಐವತ್ತು, ಅರವತ್ತು, ಎಪ್ಪತ್ತು ಅಂತ ಹತ್ತಿತು. ಥರ್ಮೋಸ್ಟ್ಯಾಟ್ ಇಲ್ಲದಾಗ ಈ ಹೋಸ್ ಸ್ಟಾರ್ಟ್ ಮಾಡಿದಾಗಿನಿಂದಲೇ ಎಂಜಿನ್ ಜೊತೆ ಜೊತೆಗೆ ಉಗುರು ಬೆಚ್ಚಗಾಗುತ್ತಾ ಹೋಗುತ್ತಿತ್ತು. ನಿಮ್ಮ ಗಾಡಿಯಲ್ಲಿ ಥರ್ಮೋಸ್ಟ್ಯಾಟ್ ಇದೆಯೋ ಇಲ್ಲವೋ ಅಂತ ಬಿಚ್ಚದೆ ತಿಳಿಯಲು ಇದೇ ಉಪಾಯ. ತಣ್ಣನೆ ಗಾಡಿ ಸ್ಟಾರ್ಟ್ ಮಾಡಿ, ಫ್ಯಾನ್‌ಗೆ ಕೈ ತಾಗದ ಹಾಗೆ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ತುಂಬ ಹೊತ್ತು ತಣ್ಣಗಿದ್ದು ಆಮೇಲೆ ತಟ್ಟನೆ ಬಿಸಿ ಆದರೆ ಸರಿ ಇದೆ. ಮೊದಲಿಂದಲೇ ಮೆಲ್ಲಗೆ ಬೆಚ್ಚಗಾದರೆ ಅನುಮಾನಪಡಿ.

ಫನಲ್‌ನ ಕೊರತೆಯೂ ಹೇಳುತ್ತೇನೆ. ಬಿರಡೆ ಸರಿಯಾಗಿ ಕೂರುವುದಿಲ್ಲ. ಕೊನೆಯಲ್ಲಿ ಉಳಿದ ಕೂಲಂಟ್ ಸಮೇತ ಎತ್ತುವಾಗ ತೊಟ್ಟಿಕ್ಕಿತು. ಕೆಳಗೆ ತಟ್ಟೆ ಹಿಡಿಯಬೇಕು. ಮುಚ್ಚಳಗಳ ರಬ್ಬರ್ ತೆಳ್ಳಗಿದೆ, ಎಷ್ಟು ವರ್ಷ ಬಾಳುತ್ತೆ ಹೇಳಲಾರೆ. ಮನೆಯಲ್ಲಿ ಒಂದೇ ಗಾಡಿ ಇದ್ದು, ಮೂರ್ನಾಲ್ಕು ವರ್ಷಕ್ಕೊಮ್ಮೆ ಕೂಲಂಟ್ ಬದಲಾಯಿಸುವವರಿಗೆ ಇದರ ಅಗತ್ಯ ಇಲ್ಲ. ಏರಿನಲ್ಲಿ ನಿಲ್ಲಿಸಿ, ತಾಳ್ಮೆಯಿಂದ ಸಾಧಾರಣ ಆಲಿಕೆಯಲ್ಲೇ ಮಾಡಬಹುದು. ನಮ್ಮಲ್ಲಿ ಭಾವನ ಮನೆಯ ಓಮ್ನಿಯೂ ಇದೆ. ಅದರ ಎಂಜಿನ್ ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ, ನಡುವೆ ಉದ್ದದ ಪೈಪುಗಳು. ಗಾಳಿ ಸಿಕ್ಕಿಹಾಕಿಕೊಳ್ಳಲು ಬೇಕಾದಷ್ಟು ಜಾಗ. ಅದಕ್ಕೆ ಈ ಫನಲ್ ಉಪಯೋಗಕ್ಕೆ ಬಂದೇ ಬರುತ್ತೆ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಉದಾಸೀನ ಮಾಡಬೇಡಿ. ಕೂಲಂಟ್ ವಿಷ, ಮತ್ತೆ ಅದು ಸಿಹಿಯಾಗಿರುತ್ತೆ. ನಾಯಿ, ಬೆಕ್ಕು ನೆಕ್ಕಿಬಿಡುತ್ತವೆ, ಸ್ವಲ್ಪವೇ ಸಾಕು, ಕಿಡ್ನಿ ಹಾಳಾಗಿ ಸಾಯುತ್ತವೆ. ನಮ್ಮ ಕಡೆ ಅಂಗಳದಲ್ಲೇ ದನ, ನಾಯಿ, ಕೋಳಿ, ಮಕ್ಕಳು. ಹತ್ತು ಹೆಜ್ಜೆಗೆ ಬಾವಿ, ಅದರ ಕೆಳಗೆ ತೋಟದ ಕಪ್ಪು (ನೀರು ಹರಿಯುವ ಕಾಲುವೆ). ಕೆಲಸ ಶುರು ಮಾಡುವ ಮೊದಲೇ ನಾಯಿಯನ್ನು ಕಟ್ಟಿದೆ. ತೊಟ್ಟಿಕ್ಕಿದ್ದನ್ನು ಮರದ ಹೊಟ್ಟು ಹಾಕಿ ಹೀರಿಸಿ, ಹೊಟ್ಟನ್ನೂ ಚೀಲಕ್ಕೆ ತುಂಬಿ ಕಟ್ಟಿಟ್ಟೆ. ಹಳೇ ನೀರನ್ನು ಕ್ಯಾನಿಗೆ ತುಂಬಿ, ಮೇಲೆ ವಿಷ ಅಂತ ದೊಡ್ಡದಾಗಿ ಬರೆದು, ಮುಂದೆ ಸರ್ವಿಸ್ ಸೆಂಟರ್ ಕಡೆ ಹೋದಾಗ ಹಳೇ ಆಯಿಲ್ ತಗೊಳ್ಳುವಲ್ಲಿ ಕೊಟ್ಟೆ. ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಬೇಡಿ. ಹಳ್ಳಕ್ಕೆ ಚೆಲ್ಲುವವರನ್ನು ಕಂಡಿದ್ದೇನೆ. ಆ ಹಳ್ಳದ ನೀರನ್ನೇ ಕೆಳಗಿನ ಮನೆಯವರು ಕುಡಿಯುತ್ತಾರೆ.

ಈಗ ಹೇಗಿದೆ? ಮುಳ್ಳು ನಡುವಿಗಿಂತ ಸ್ವಲ್ಪ ಕೆಳಗೆ ಬಂದು ನಿಲ್ಲುತ್ತೆ, ಅಲ್ಲೇ ಇರುತ್ತೆ. ಮಣಿಪಾಲದಿಂದ ಅತ್ತೆಯನ್ನು ಕರೆದುಕೊಂಡು ಬರುವಾಗ ಹಿಂದೆ ಎರಡು ಮೂಟೆ ಉಪ್ಪು, ಜನ, ಸಾಮಾನು ಎಲ್ಲ ಇತ್ತು. ಹುಲಿಕಲ್ ಏರಿನಲ್ಲಿ ಎರಡನೇ ಗೇರ್‌ನಲ್ಲಿ ಲಾರಿಯ ಹಿಂದೆ ಹತ್ತಿದೆ. ಮುಳ್ಳು ಒಂದು ಗೆರೆಯಷ್ಟೂ ಏಳಲಿಲ್ಲ. ಇಳಿಯುವಾಗ ಈಗ ಕೆಳಗೂ ಬೀಳುವುದಿಲ್ಲ. ಆಯಿಲ್ ಮುಚ್ಚಳ ಒರೆಸಿ ಹಾಕಿದ್ದೆ, ನೊರೆ ಮತ್ತೆ ಕಟ್ಟಿಲ್ಲ. ಪ್ಲಗ್ ಬಣ್ಣ ಇಟ್ಟಿಗೆ ಕಂದಿಗೆ ತಿರುಗಿದೆ. ಪೆಟ್ರೋಲ್ ಲೆಕ್ಕದಲ್ಲೂ ಸುಧಾರಿಸಿದೆ, ಪೇಟೆಗೆ ಹೋಗಿಬರುವ ಸಣ್ಣ ಓಡಾಟದಲ್ಲೇ ಜಾಸ್ತಿ ಗೊತ್ತಾಗುತ್ತೆ.

ಖರ್ಚು ಥರ್ಮೋಸ್ಟ್ಯಾಟ್, ಗ್ಯಾಸ್ಕೆಟ್, ಮುಚ್ಚಳ, ಕೂಲಂಟ್, ಡಿಸ್ಟಿಲ್ಡ್ ವಾಟರ್ ಎಲ್ಲ ಸೇರಿ ಫನಲ್ ಬಿಟ್ಟು ಎರಡು ಸಾವಿರದ ಒಳಗೆ ಮುಗಿಯಿತು. ಪಾನಾ ಹಿಡಿಯಲು ಬರದವರು ಗ್ಯಾರೇಜಲ್ಲೇ ಮಾಡಿಸಿ, ತಪ್ಪಿಲ್ಲ. ಆದರೆ ಪಾರ್ಟ್ ನೀವೇ ತಂದುಕೊಡಿ, ಟೋಪಿ ಬಿಚ್ಚುವಾಗ ಎದುರಿಗೆ ನಿಂತಿರಿ, ಹಳೆಯದನ್ನು ಕೈಗೆ ಕೇಳಿ ತಗೊಳ್ಳಿ. ಹೊ‌ಸದು ಹಾಕಿದ ಮೇಲೆ ಒಂದೆರಡು ವಾರ ಬೆಳಿಗ್ಗೆ ಹೊತ್ತು ರಿಸರ್ವ್ ಟ್ಯಾಂಕ್ ನೋಡುತ್ತಿರಿ. ಉಳಿದ ಗಾಳಿ ಹೊರಟಂತೆ ಮಟ್ಟ ಸ್ವಲ್ಪ ಇಳಿಯುತ್ತೆ. ನಮ್ಮದು ಒಂದು ಬೆರಳಷ್ಟು ಇಳಿದು ನಿಂತಿತು. ಅದಕ್ಕೆ ಅಂತಲೇ ಅರ್ಧಕ್ಕರ್ಧ ಕಲೆಸಿದ ಒಂದು ಲೀಟರ್ ಅನ್ನು ಮೂಲ ಡಬ್ಬಿಯಲ್ಲೇ ತುಂಬಿ, ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಹಾಗೆ ಜಿಪ್ಸಿಯ ಟೂಲ್ ಬಾಕ್ಸ್ ಪಕ್ಕ ಕಟ್ಟಿಟ್ಟಿದ್ದೇನೆ. ಉಳಿದ ಒಂದು ಗ್ಯಾಸ್ಕೆಟ್ ಕೂಡ ಅಲ್ಲೇ ಇದೆ.